ಮೂವತ್ತೊಂಬತ್ತು ಕಿಲೋ

ನಮ್ಮೂರಿನಲ್ಲಿ ಮಕ್ಕಳಿಗೆ ನಡೆಯಲು ಕಲಿಸುವ ಮೊದಲು ಗಂಟು ಹಾಕಲು ಕಲಿಸುತ್ತಾರೆ. ಮೂರು ಸುತ್ತು, ಒಂದು ಕುಣಿಕೆ, ಆಮೇಲೆ ತುದಿಯನ್ನು ಒಳಗೆ ತೂರಿಸಿ ಜಗ್ಗುವುದು. ಅಷ್ಟು ಬಂತೆಂದರೆ ಮಗು ಬದುಕಿಕೊಂಡಿತು ಎಂದು ಲೆಕ್ಕ. ಹೆಣ್ಣು ನೋಡಲು ಹೋದವರು ಹಾಡು ಹೇಳಮ್ಮ ಎನ್ನುವುದಿಲ್ಲ, ಕೈಗೆ ಎರಡು ಮೊಳ ಹಗ್ಗ ಕೊಟ್ಟು ಸುಮ್ಮನೆ ಕೂತು ನೋಡುತ್ತಾರೆ. ಯಾಕೆಂದರೆ ನಮ್ಮೂರಿನ ನೆಲ ವರ್ಷಕ್ಕೊಮ್ಮೆ ಕೈಬಿಡುತ್ತದೆ. ಯಾವ ದಿನ ಎಂದು ಮೊದಲೇ ತಿಳಿಯುವುದಿಲ್ಲ. ಹೆಚ್ಚೇನಿಲ್ಲ, ಅರ್ಧ ಗಂಟೆ. ಅಷ್ಟು ಹೊತ್ತು ಕಟ್ಟಿಹಾಕದ ಜೀವವೆಲ್ಲ, ಸಾಮಾನೆಲ್ಲ ಹೊಗೆಯ ಹಾಗೆ ಮೆಲ್ಲಗೆ ಮೇಲೇಳುತ್ತದೆ. ನೆಲದ ಮೇಲೆ ಯಾರು ಎಷ್ಟು ಭಾರವೋ ಅಷ್ಟೇ ಬಲದಲ್ಲಿ ಅಂದು ಆಕಾಶ ಅವರನ್ನು ಮೇಲಕ್ಕೆ ಎಳೆಯುತ್ತದೆ. ಅರ್ಧ ಗಂಟೆಯಾದ ಮೇಲೆ ನೆಲ ಮತ್ತೆ ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳುವಾಗ ಮಾತ್ರ ಅದಕ್ಕೆ ಮೆಲ್ಲಗೆ ಎಂಬುದು ಗೊತ್ತಿಲ್ಲ. ಎಷ್ಟು ಎತ್ತರಕ್ಕೆ ಹೋಗಿದ್ದರೋ ಅಷ್ಟು ಎತ್ತರದಿಂದ ದೊಪ್ಪೆಂದು ಬೀಳುತ್ತಾರೆ.

ಊರು ಎರಡು ಭಾಗ. ಮೇಲೆ ದಿಬ್ಬ, ಕೆಳಗೆ ಸೊಪ್ಪೆಕೇರಿ. ದಿಬ್ಬದ ಮನೆಗಳಿಗೆ ಆಳದ ತಳಪಾಯ, ಕಲ್ಲಿನ ಚಾವಣಿ. ಚಾವಣಿಯ ಒಳಮೈಗೆ ಹತ್ತಿಯ ಹಾಸಿಗೆ ಹೊಲಿದು ಹೊಡೆದಿರುತ್ತಾರೆ. ನೆಲ ಕೈಬಿಟ್ಟಾಗ ಅಲ್ಲಿಯವರು ತೇಲಿ ಹೋಗಿ ಆ ಹಾಸಿಗೆಗೆ ಬೆನ್ನು ಕೊಟ್ಟು ಒಂದು ಸಣ್ಣ ನಿದ್ದೆ ತೆಗೆಯುತ್ತಾರೆ. ಬಿದ್ದರೆ ಕೆಳಗೂ ಹಾಸಿಗೆ. ಸೊಪ್ಪೆಕೇರಿಯದು ಮಣ್ಣಿನ ಗೋಡೆ, ಜೋಳದ ಸೊಪ್ಪೆಯ ಮಾಡು. ನೆಲ ಕೈಬಿಟ್ಟ ಕೂಡಲೇ ಮೊದಲು ಹೋಗುವುದೇ ಮಾಡು. ಆಮೇಲೆ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ನೆಲಕ್ಕೆ ಹೂತ ಕಬ್ಬಿಣದ ಬಳೆ, ಬಳೆಗೆ ಹಗ್ಗ, ಹಗ್ಗಕ್ಕೆ ಮನುಷ್ಯ, ಅಷ್ಟೇ. ಹಗ್ಗ ಕೊಡುವುದು ಸರ್ಕಾರದ ಕೆಲಸ. ಅದಕ್ಕೆಂದೇ ಊರಲ್ಲಿ ಒಂದು ರಕ್ಷಣಾ ಕಚೇರಿ ಇದೆ. ನಾನು ಆ ಕಚೇರಿಯ ತೂಕದ ಗುಮಾಸ್ತ. ಹೆತ್ತವರು ಇಟ್ಟ ಹೆಸರು ಮರೆತೇಹೋಗುವಷ್ಟು ಕಾಲದಿಂದ ಎಲ್ಲರೂ ನನ್ನನ್ನು ತೂಕದಯ್ಯ ಎಂದೇ ಕರೆಯುತ್ತಾರೆ.

ಹುಟ್ಟಿದ್ದು ನಾನೂ ಸೊಪ್ಪೆಕೇರಿಯಲ್ಲೇ. ನಾಲ್ಕಕ್ಷರ ಕಲಿತು ಕೆಲಸ ಹಿಡಿದು ಮೇಲೆ ಬಂದೆ. ನನ್ನ ತಂಗಿ ಚಿಕ್ಕತಾಯಮ್ಮ ಅಲ್ಲೇ ಉಳಿದಳು. ಸಂತೆಯಲ್ಲಿ ಮೂಟೆ ಹೊರುವ ಬೋರಲಿಂಗನ ಕೈಹಿಡಿದಳು. ವರ್ಷಕ್ಕೊಮ್ಮೆ ಊರಿನವರನ್ನೆಲ್ಲ ತಕ್ಕಡಿಗೆ ಹತ್ತಿಸಿ ತೂಕ ಬರೆಯುವುದು ನನ್ನ ಕೆಲಸ. ನಲವತ್ತು ಕಿಲೋಗಿಂತ ಕಡಿಮೆ ಇದ್ದರೆ ಹಗುರ ಕಾರ್ಡು ಸಿಗುತ್ತದೆ, ಕಾರ್ಡಿಗೆ ತಿಂಗಳು ತಿಂಗಳು ಅಕ್ಕಿ. ಬಡವರು ಬಡಕಲಾಗಿಯೇ ಇರಬೇಕು ಎಂದು ಸರ್ಕಾರದ ನಂಬಿಕೆ. ಚಿಕ್ಕತಾಯಿಯೋ ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬಾರದಂಥ ಹೆಂಗಸು. ಜೋರಾಗಿ ನಕ್ಕರೆ ಪಕ್ಕದ ಮನೆಯ ಕೋಳಿ ಎದ್ದು ಓಡಬೇಕು. ಮೊದಲ ಸಲ ತಕ್ಕಡಿ ಹತ್ತಿದಾಗ ಮುಳ್ಳು ಅರವತ್ತೊಂದಕ್ಕೆ ಹೋಯಿತು. ಅವಳು ಮುಳ್ಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮೂವತ್ತೊಂಬತ್ತು ಎಂದು ಬರೆದೆ. ತಂಗಿಗೆ ಬರೆದ ಮೇಲೆ ಅವಳ ನೆರೆಯವಳಿಗೆ ಬರೆಯದಿರಲು ಆಗುತ್ತದೆಯೇ? ಕೇರಿಗೆ ಕೇರಿಯೇ ನನ್ನ ಪುಸ್ತಕದಲ್ಲಿ ನಲವತ್ತರ ಕೆಳಗೆ ಇಳಿಯಿತು. ದಿಬ್ಬದವರದು ತದ್ವಿರುದ್ಧ. ಭಾರ ಎಂದರೆ ಅವರಿಗೆ ಮರ್ಯಾದೆ. ಜೇಬಿನಲ್ಲಿ ಗುಂಡುಕಲ್ಲು ಇಟ್ಟುಕೊಂಡು ಹತ್ತುತ್ತಿದ್ದರು. ನಾನು ಅದನ್ನೂ ಕಣ್ಣು ಮುಚ್ಚಿ ಬರೆದೆ. ಯಾರಿಗೂ ತೊಂದರೆ ಇರಲಿಲ್ಲ. ಹಗ್ಗ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು, ಹೆಬ್ಬೆರಳು ದಪ್ಪದ ನಾರಿನ ಹಗ್ಗ.

ಹೋದ ವರ್ಷ ಶಶಿಶೇಖರ ಸಾಹೇಬರು ನಮ್ಮ ಕಚೇರಿಗೆ ವರ್ಗವಾಗಿ ಬಂದರು. ಕೆಟ್ಟವರು ಎಂದು ಹೇಳಲಾರೆ. ಯಾರೇ ಎದುರಾದರೂ "ಊಟ ಆಯ್ತಾ?" ಎಂದು ಕೇಳುವ ಮನುಷ್ಯ. ಆದರೆ ಅವರು ತಕ್ಕಡಿಯ ಮುಳ್ಳನ್ನಾಗಲಿ, ತಕ್ಕಡಿ ಹತ್ತಿದವರನ್ನಾಗಲಿ ಕಣ್ಣೆತ್ತಿ ನೋಡಿದ್ದನ್ನು ನಾನು ಕಾಣೆ. ಅವರ ಕಣ್ಣು ಯಾವಾಗಲೂ ಪುಸ್ತಕದ ಮೇಲೆ. ಬಂದ ಎರಡೇ ತಿಂಗಳಿಗೆ ಹೊಸ ಆದೇಶ ತಂದರು. ಇನ್ನು ಮುಂದೆ ಹಗ್ಗ ತೂಕಕ್ಕೆ ತಕ್ಕಂತೆ. ಭಾರದವರಿಗೆ ದಪ್ಪ ಹಗ್ಗ, ನಲವತ್ತರ ಒಳಗಿನವರಿಗೆ ಕಿರುಬೆರಳಿಗಿಂತ ಸಣ್ಣದು. ಹಳೆಯ ಹಗ್ಗ ತಂದೊಪ್ಪಿಸಿ ಹೊಸದು ಪಡೆಯಬೇಕು, ಒಪ್ಪಿಸದವರ ಕಾರ್ಡು ರದ್ದು. ಆದೇಶವನ್ನು ಎರಡು ಸಲ ಓದಿದೆ. ಚಾವಣಿಗೆ ಹಾಸಿಗೆ ಹೊಡೆಸಿಕೊಂಡವರಿಗೆ ದಪ್ಪ ಹಗ್ಗ, ಚಾವಣಿಯೇ ಇಲ್ಲದವರಿಗೆ ದಾರ.

ಸಾಹೇಬರ ಮುಂದೆ ನಿಂತು ಹೇಗೋ ಬಾಯಿಬಿಟ್ಟೆ. "ಸಾರ್, ಸೊಪ್ಪೆಕೇರಿಗೆ ಒಂದ್ ನೂಲು ದಪ್ಪದ್ದು ಕೊಡಬಹುದಾ ಅಂತ..."

"ಮೂವತ್ತೊಂಬತ್ತು ಕಿಲೋಗೆ ಇಷ್ಟು ಸಾಕು ರೀ. ಪರೀಕ್ಷೆ ಮಾಡಿಸಿದೀವಿ. ಇದು ವಿಜ್ಞಾನ," ಎಂದರು. "ಊಟ ಆಯ್ತಾ?"

ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಕೇರಿಯ ಕಾರ್ಡುಗಳೂ ಹೋಗುತ್ತಿದ್ದವು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವನು ನಾನು. ಆಯ್ತು ಸಾರ್, ಊಟ ಆಯ್ತು ಎಂದು ಹೊರಗೆ ಬಂದೆ. ನೆಟ್ಟಗೆ ತಂಗಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹಳೆಯ ಹಗ್ಗವನ್ನು ಒಪ್ಪಿಸಲೆಂದು ಸುತ್ತಿಡುತ್ತಿದ್ದಳು. ನಮ್ಮಪ್ಪನ ಕಾಲದ ಹಗ್ಗ ಅದು. ಪ್ರತಿ ವರ್ಷ ಸವೆದ ಜಾಗ ಕತ್ತರಿಸಿ ನಮ್ಮಪ್ಪ ಹಾಕಿದ ಗಂಟುಗಳು ಸಾಲಾಗಿ ಇದ್ದವು.

"ತಾಯೀ, ಸಣ್ಣ ಹಗ್ಗ ತಗಬ್ಯಾಡ ಕಣೆ. ನಿನ್ ನಿಜವಾದ್ ತೂಕ ಬರೀತೀನಿ. ದಪ್ಪ ಹಗ್ಗ ಸಿಗ್ತದೆ."

"ಬರುದ್ರೆ ಕಾರ್ಡು?"

"ಹೋಯ್ತದೆ."

ಅವಳು ನಕ್ಕಳು. ಪಕ್ಕದ ಮನೆಯ ಕೋಳಿ ನಿಜವಾಗಿಯೂ ಓಡಿತು. "ಅಲ್ಲ ಕಣಣ್ಣ, ನೆಲ ಕೈಬುಡೋದು ವರ್ಸಕ್ಕೊಂದ್ ದಪ. ಹೊಟ್ಟೆ ಕೈಬುಡೋದು ದಿನಕ್ಕೆರಡ್ ದಪ. ನಾನ್ ಯಾವ್ದುಕ್ಕೆ ಹಗ್ಗ ಕಟ್ಲಿ ಹೇಳು."

"ಜೀವದ್ ಪ್ರಶ್ನೆ ಕಣೆ."

"ಅದೂ ಜೀವದ್ದೇಯ. ನೀ ಮೂವತ್ತೊಂಬತ್ತು ಅಂತ್ಲೇ ಇಡು. ಕೈಲಿ ಬಳೆ ಹಿಡ್ಕಂಡು ಕೂತ್ಕತೀನಿ, ಅರ್ಧ ಗಂಟೆ ತಾನೆ."

ಕೇರಿಯಲ್ಲಿ ಎಲ್ಲರೂ ಇದನ್ನೇ ಹೇಳಿದರು. ಒಬ್ಬರೂ ತೂಕ ಏರಿಸಿಕೊಳ್ಳಲು ಒಪ್ಪಲಿಲ್ಲ. ಮರುದಿನ ಸಾಲಿನಲ್ಲಿ ನಿಂತು ಹಳೆಯ ಹಗ್ಗ ಕೊಟ್ಟು ಹೊಸದನ್ನು ತೆಗೆದುಕೊಂಡು ಹೋದರು. ತೂಗಿದವನು ನಾನು, ಹಂಚಿದವನೂ ನಾನು. ಹಳೆಯ ಹಗ್ಗಗಳು ಎಲ್ಲಿಗೆ ಹೋದವು ಎಂದು ಒಂದು ತಿಂಗಳಾದ ಮೇಲೆ ತಿಳಿಯಿತು. ದಿಬ್ಬದ ಮೇಲೆ ಊರಿನ ಮೊದಲ ಯಜಮಾನರ ಹಿತ್ತಾಳೆಯ ಪ್ರತಿಮೆ ನಿಲ್ಲಿಸುತ್ತಿದ್ದರು. ಮೂರಾಳೆತ್ತರದ ಪ್ರತಿಮೆ. ಅದನ್ನು ಕಟ್ಟಲು ಕೇರಿಯ ಹಗ್ಗಗಳನ್ನೇ ಕೂಡಿಸಿ ಹೊಸೆದು, ತೋಳುಗಾತ್ರದ ಹನ್ನೆರಡು ಹುರಿಗಳನ್ನು ಮಾಡಿದ್ದರು. ಹತ್ತಿರ ಹೋಗಿ ನೋಡಿದರೆ ಒಂದು ಹುರಿಯೊಳಗೆ ನಮ್ಮಪ್ಪನ ಗಂಟುಗಳು ಕಂಡವು.

ಪ್ರತಿಮೆಯ ಅನಾವರಣಕ್ಕೆ ಮಂತ್ರಿಗಳು ಬಂದಿದ್ದರು. ಬೆಳಿಗ್ಗೆ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ನನ್ನನ್ನು ದಿಬ್ಬದ ಮೇಲಿನ ಕೆಲಸಕ್ಕೆ ಹಾಕಿದ್ದರು. ಊರಿಗೆ ಇರುವುದೊಂದೇ ಕೊಕ್ಕೆಗಾಡಿ. ಊರುದ್ದಕ್ಕೂ ಹಾಸಿದ ಕಂಬಿಯನ್ನು ಕಚ್ಚಿಕೊಂಡು ಓಡುವ ಗಾಡಿ ಅದು, ತೇಲಿಹೋದವರನ್ನು ಉದ್ದನೆಯ ಕೊಕ್ಕೆಯಿಂದ ಎಳೆದು ಇಳಿಸಿ ಕಟ್ಟುವುದಕ್ಕೆ. ಸಾಮಾನ್ಯವಾಗಿ ಅದು ಕೇರಿಯ ಬಾಯಲ್ಲಿ ನಿಲ್ಲುತ್ತಿತ್ತು. ಅಂದು ಮಂತ್ರಿಗಳ ಸಲುವಾಗಿ ಮಾವಿನ ತೋರಣ ಕಟ್ಟಿಸಿಕೊಂಡು ದಿಬ್ಬದ ಮೇಲೆ ನಿಂತಿತ್ತು. ಭಾಷಣ ಶುರುವಾಗಿ ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುವೆ ಉಬ್ಬಿತು. ಅದೇ ಸೂಚನೆ. ಗಂಟೆ ಹೊಡೆದರು. ಮಂತ್ರಿಗಳನ್ನು ಮಖಮಲ್ಲಿನ ಪಟ್ಟಿಯಿಂದ ಕುರ್ಚಿಗೆ ಬಿಗಿದರು, ಕುರ್ಚಿಯನ್ನು ಮೊದಲೇ ಬಂಡೆಗೆ ಬಿಗಿದಿದ್ದರು. ನಾನೂ ಸಾಹೇಬರೂ ಪಕ್ಕಪಕ್ಕದ ಬಳೆಗಳಿಗೆ ಕಟ್ಟಿಕೊಂಡೆವು.

ನೆಲ ಕೈಬಿಟ್ಟಿತು. ಸೊಂಟದ ಹಗ್ಗ ಬಿಗಿಯಿತು. ಶಾಮಿಯಾನ, ಹಾರಗಳು, ಬೆಳ್ಳಿಯ ತಟ್ಟೆ ಎಲ್ಲ ಎದ್ದವು. ಮಂತ್ರಿಗಳ ತಲೆಯ ಜರಿಪೇಟವೂ ಎದ್ದಿತು. ಜನ ನಕ್ಕರು. ಅಷ್ಟರಲ್ಲಿ ಕೆಳಗಿನಿಂದ ಸದ್ದು ಕೇಳಿತು. ಜೋಳ ಹುರಿಯುವಾಗ ಮೊದಲು ಒಂದು, ಆಮೇಲೆ ಎರಡು, ಆಮೇಲೆ ಪಟಪಟ ಸಿಡಿಯುತ್ತದಲ್ಲ, ಹಾಗೆ. ತಿರುಗಿ ನೋಡಿದೆ. ಸೊಪ್ಪೆಕೇರಿಯ ಮಾಡುಗಳೆಲ್ಲ ಹೋಗಿದ್ದವು. ಕೆಳಗೆ ತುಂಡಾಗುತ್ತಿದ್ದದ್ದು ಹಗ್ಗ. ಮಾಡಿಲ್ಲದ ಮನೆಗಳಿಂದ ಜನ ಏಳುತ್ತಿದ್ದರು. ಗಂಡಸರು ಸಂತೆಯಲ್ಲಿದ್ದರು, ಅಲ್ಲಿ ಮೂಟೆಯ ಹಗ್ಗದಿಂದ ಕಲ್ಲುಕಂಬಗಳಿಗೆ ಕಟ್ಟಿಕೊಳ್ಳುತ್ತಾರೆ. ಏಳುತ್ತಿದ್ದವರು ಹೆಂಗಸರು, ಮುದುಕರು. ನಡುವೆ ಒಂದು ಹಸಿರು ಸೀರೆ. ಸೊಂಟದಿಂದ ಅರ್ಧ ಹಗ್ಗ ತೂಗಾಡುತ್ತಿತ್ತು. ಅಷ್ಟು ದೂರದಿಂದಲೂ ಆ ಮೈಕಟ್ಟು ನನಗೆ ಗೊತ್ತಾಯಿತು.

"ಸಾರ್! ಗಾಡಿ ಕಳಿಸಿ ಸಾರ್! ಕೇರಿಯವ್ರು ಹೋಗ್ತಾ ಅವ್ರೆ!"

ಸಾಹೇಬರು ಕಂಕುಳಿಂದ ಪುಸ್ತಕ ತೆಗೆದರು. ಅದನ್ನೂ ಒಂದು ದಾರದಿಂದ ಅಂಗಿಗೆ ಕಟ್ಟಿಕೊಂಡಿದ್ದರು. "ಗಾಬರಿ ಆಗ್ಬೇಡಿ. ಯಾರು? ಹೆಸರು ಹೇಳಿ."

"ನನ್ ತಂಗಿ ಸಾರ್, ಚಿಕ್ಕತಾಯಮ್ಮ!"

ಪುಟ ತಿರುವಿದರು. ಗಾಳಿಗೆ ಹಾಳೆಗಳು ಮೇಲಕ್ಕೆ ಏಳುತ್ತಿದ್ದವು, ಬೆರಳಿನಿಂದ ಒತ್ತಿ ಹಿಡಿದು ಹುಡುಕಿದರು. "ಮೂವತ್ತೊಂಬತ್ತು. ಭಾರದವರು ಮೊದಲು ಅಂತ ನಿಯಮ ಇದೆ, ನಿಮಗೇ ಗೊತ್ತಲ್ಲ. ಹಗುರ ಇದ್ದವರು ಬಿದ್ದರೂ ಅಷ್ಟು ಪೆಟ್ಟಾಗಲ್ಲ."

"ಅವ್ಳು ಮೂವತ್ತೊಂಬತ್ತಲ್ಲ ಸಾರ್! ಅರವತ್ತೊಂದು! ನಾನೇ ಸುಳ್ಳು ಬರ್ದಿದ್ದು. ಕೇರಿಯವ್ರದ್ದೆಲ್ಲ ಸುಳ್ಳೇ ಬರ್ದಿದ್ದು!"

ಅವರು ಆಗ ಮೊದಲ ಸಲ ಕಣ್ಣೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಎಲ್ಲಿಯೋ ಒಂದು ತಪ್ಪು ಕಂಡಿತು, ಸರಿಪಡಿಸಬೇಕು ಎನ್ನುವಂಥ ನೋಟ. "ಅರವತ್ತೊಂದು ಅಂದ್ರೆ ಅವರ ಕಾರ್ಡು ಸುಳ್ಳಾಯ್ತು. ಸುಳ್ಳು ಕಾರ್ಡಿನವರು ರಕ್ಷಣೆಯ ಪಟ್ಟಿಯಲ್ಲೇ ಬರಲ್ಲ ರೀ. ಯೋಚನೆ ಮಾಡಿ ಹೇಳಿ, ಮೂವತ್ತೊಂಬತ್ತೋ ಅರವತ್ತೊಂದೋ?"

ಯಾವುದನ್ನು ಹೇಳಿದರೂ ಅವಳು ಮೇಲೆಯೇ ಉಳಿಯುತ್ತಿದ್ದಳು. ನನ್ನ ತಲೆಯ ಮೇಲೆ ಕೊಕ್ಕೆಗಾಡಿ ತನ್ನ ಉದ್ದನೆಯ ಕೈ ಚಾಚಿ ಮಂತ್ರಿಗಳ ಪೇಟವನ್ನು ಹಿಡಿಯಲು ಹೆಣಗುತ್ತಿತ್ತು. ಒಮ್ಮೆ ತಪ್ಪಿತು, ಎರಡನೆಯ ಸಲ ಸಿಕ್ಕಿತು. ಜನ ಚಪ್ಪಾಳೆ ತಟ್ಟಿದರು. ಪೇಟ ಕೆಳಗಿಳಿದ ಮೇಲೆ ಬೆಳ್ಳಿಯ ತಟ್ಟೆಯ ಸರದಿ. ಗಾಡಿಯವನಿಗೆ ನಾನು ಕೂಗಿದೆ, ಬೈದೆ, ಕೈಮುಗಿದೆ. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಪುಸ್ತಕ ನೋಡುತ್ತಿದ್ದರು. ದಿಬ್ಬದಿಂದ ಕೇರಿಗೆ ಗಾಡಿಯಲ್ಲಿ ಎಂಟು ನಿಮಿಷದ ದಾರಿ. ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ನಾನು ಸೊಂಟದ ಗಂಟು ಬಿಚ್ಚಲು ಹೋದೆ, ಬಿಚ್ಚಿದರೆ ನಾನೂ ಮೇಲೆ ಹೋಗುತ್ತಿದ್ದೆ ಅಷ್ಟೇ. ನಿಜ ಹೇಳುತ್ತೇನೆ, ಬಿಚ್ಚಲಿಲ್ಲ. ಹೆದರಿಕೆಯಾಯಿತು. ನಮ್ಮಪ್ಪ ಕಲಿಸಿದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಬಟ್ಟಬಯಲಿನ ಬೆಳಕಿನಲ್ಲಿ, ಆ ಹಸಿರು ಸೀರೆ ಒಂದು ತೆಂಗಿನ ಮರದಷ್ಟು, ಎರಡು ತೆಂಗಿನ ಮರದಷ್ಟು ಮೇಲೆ ಹೋಗುವುದನ್ನು ನೋಡುತ್ತಾ ನಿಂತೆ.

ನೆಲ ಹಿಡಿದುಕೊಂಡಾಗ ದಿಬ್ಬದ ಮೇಲೆ ಚಪ್ಪಲಿಗಳು ಬಿದ್ದವು, ಹೂವು ಬಿದ್ದವು. ಕೆಳಗೆ ಬಿದ್ದದ್ದರ ಸದ್ದು ಇಲ್ಲಿಗೆ ಸ್ವಲ್ಪ ತಡವಾಗಿ ಕೇಳಿತು. ಹನ್ನೊಂದು ಸಲ ಕೇಳಿತು.

ಸತ್ತವರನ್ನು ತೂಗಿ ವರದಿ ಮಾಡಬೇಕೆಂದು ನಿಯಮವಿದೆ. ಮಧ್ಯಾಹ್ನ ಹನ್ನೊಂದು ಜನರನ್ನೂ ಕಚೇರಿಯ ಅಂಗಳಕ್ಕೆ ತಂದು ಮಲಗಿಸಿದರು. ನಾನು ತೂಗಿದೆ. ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ ಕೇರಿಯವರ ನಿಜವಾದ ತೂಕ ಬರೆದದ್ದು ಅದೇ ಮೊದಲು. ಅರವತ್ತೊಂದು. ಐವತ್ನಾಲ್ಕು. ಐವತ್ತೇಳು. ಬರೆದು ಸಾಹೇಬರ ಮುಂದಿಟ್ಟು, ನನ್ನನ್ನು ಪೊಲೀಸಿಗೆ ಕೊಡಿ ಎಂದು ನಿಂತೆ. ಜೈಲಾದರೂ ಆಗಲಿ ಎನಿಸಿತ್ತು. ಅವರು ಪುಸ್ತಕವನ್ನೂ ನನ್ನ ಹೊಸ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ಓದಿದರು.

"ಸೊಪ್ಪೆಕೇರಿಯಲ್ಲಿ ನಲವತ್ತು ಕಿಲೋ ದಾಟಿದವರೇ ಇಲ್ಲ," ಎಂದರು. "ಇಲ್ಲಿ ಮಲಗಿರೋರು ಎಲ್ಲಾ ಐವತ್ತು ದಾಟಿದಾರೆ. ಅಂದ ಮೇಲೆ ಇವರು ಸೊಪ್ಪೆಕೇರಿಯವರಲ್ಲ."

"ಸಾರ್, ಅವಳು ನನ್ ತಂಗಿ."

"ದುಃಖದಲ್ಲಿದೀರಿ. ಹೋಗಿ ಊಟ ಮಾಡಿ."

ವರದಿ ಹೋಯಿತು. ಊರಿನವರು ಯಾರೂ ಸತ್ತಿಲ್ಲ, ಹೊಸ ಹಗ್ಗ ಯಶಸ್ವಿಯಾಗಿದೆ, ಸತ್ತವರು ಎಲ್ಲಿಂದಲೋ ಬಂದು ಸೇರಿಕೊಂಡವರು. ಮಂತ್ರಿಗಳು ಅಭಿನಂದನೆಯ ಪತ್ರ ಕಳಿಸಿದರು. ನನಗೆ ಜೈಲಾಗಲಿಲ್ಲ, ಒಂದು ಮೆಮೋ ಕೂಡ ಬರಲಿಲ್ಲ. ನನ್ನನ್ನು ಶಿಕ್ಷಿಸಿದರೆ ಪುಸ್ತಕ ಸುಳ್ಳಾಗುತ್ತಿತ್ತು, ಪುಸ್ತಕ ಸುಳ್ಳಾದರೆ ಹಗ್ಗ ಸುಳ್ಳಾಗುತ್ತಿತ್ತು. ಮುಂದಿನ ತಿಂಗಳು ಚಿಕ್ಕತಾಯಿಯ ಕಾರ್ಡಿಗೆ ಅಕ್ಕಿ ಬಂತು. ಬೋರಲಿಂಗ ಅದನ್ನು ಟವೆಲಿನಲ್ಲಿ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ಏನ್ ಮಾಡ್ಲಿ ಬಾವ ಇದ್ನ? ಎಸ್ಯಕ್ಕೂ ಮನ್ಸು ಬರಾಕಿಲ್ಲ, ಉಣ್ಣಕ್ಕೂ ಗಂಟ್ಲಲ್ಲಿ ಇಳ್ಯಾಕಿಲ್ಲ."

ಅವನು ಟವೆಲಿನ ಗಂಟನ್ನು ಮತ್ತೆ ಬಿಗಿದುಕೊಂಡು ಹೊರಟುಹೋದ.

ಮತ್ತೆ ಮೂರು ವಾರಕ್ಕೆ, ದಿಬ್ಬದವರೆಲ್ಲ ಉಂಡು ಮಲಗಿದ ಒಂದು ಮಧ್ಯಾಹ್ನ, ಪ್ರತಿಮೆಯ ಹನ್ನೆರಡು ಹುರಿಗಳೂ ಮಾಯವಾದವು. ಸಾಹೇಬರು ಹೌಹಾರಿದರು. ಕೇರಿಯವರದೇ ಕೆಲಸ ಎಂದು ಅವರಿಗೆ ಅನುಮಾನ. ಮನೆಗಳನ್ನು ಜಾಲಾಡಿಸಿದರು, ಒಂದು ನಾರೂ ಸಿಗಲಿಲ್ಲ. ಹುರಿ ಬಿಚ್ಚಿ ಮೈಗೆ ಸುತ್ತಿಕೊಂಡಿರಬೇಕು ಎಂದು ಅವರಿಗೇ ಹೊಳೆಯಿತು. "ತೂಕ ಸುಳ್ಳು ಹೇಳಲ್ಲ ರೀ," ಎಂದರು. "ಕೇರಿಯವರನ್ನೆಲ್ಲ ತೂಗೋಣ. ಪುಸ್ತಕದಲ್ಲಿರೋದಕ್ಕಿಂತ ಯಾರು ಭಾರ ಬರ್ತಾರೋ ಅವರೇ ಕಳ್ಳರು."

ತಕ್ಕಡಿಯನ್ನು ಕೇರಿಯ ನಡುವೆ ಇಟ್ಟೆವು. ಪೊಲೀಸರು ಸುತ್ತ ನಿಂತರು. ಸಾಹೇಬರು ಕುರ್ಚಿ ಹಾಕಿಕೊಂಡು ಕೂತು, ಪುಸ್ತಕ ಬಿಡಿಸಿ, ಒಬ್ಬೊಬ್ಬರ ಹೆಸರು ಕೂಗತೊಡಗಿದರು. ಮೊದಲು ಬಂದವಳು ದೊಡ್ಡಮಂಚಮ್ಮ ಎಂಬ ಮುದುಕಿ. ಸೆಕೆಯಲ್ಲೂ ಎರಡು ಸೀರೆ ಉಟ್ಟಿದ್ದಳು. ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು.

"ಎಷ್ಟು ರೀ?"

"ಮೂವತ್ತೇಳು ಸಾರ್," ಎಂದೆ.

ಗುರುತು ಹಾಕಿಕೊಂಡರು. ಕೇರಿಯವರ ತೂಕ ನನಗೆ ಬಾಯಿಪಾಠ. ಅರವತ್ತು ಬಂದವರಿಗೆ ಮೂವತ್ತೆಂಟು, ಎಪ್ಪತ್ತು ಬಂದವರಿಗೆ ಮೂವತ್ತೊಂಬತ್ತು. ಯಾರೂ ನನ್ನ ಮುಖ ನೋಡಲಿಲ್ಲ, ನಾನೂ ಯಾರ ಮುಖವನ್ನೂ ನೋಡಲಿಲ್ಲ. ಬೋರಲಿಂಗ ಹತ್ತಿದಾಗ ತಕ್ಕಡಿ ಕಿರುಗುಟ್ಟಿತು. ಅಂಗಿಯ ಕೆಳಗಿನಿಂದ ಒಂದು ಗೇಣು ಹಗ್ಗ ಇಣುಕುತ್ತಿತ್ತು, ಅದರಲ್ಲಿ ನಮ್ಮಪ್ಪನ ಗಂಟು. ಇಬ್ಬರ ಪಾಲನ್ನೂ ಅವನೊಬ್ಬನೇ ಸುತ್ತಿಕೊಂಡಿದ್ದ. ನಾನು ಅಂಗಿ ಸರಿಮಾಡುವವನಂತೆ ಬಾಗಿ ಅದನ್ನು ಒಳಗೆ ತೂರಿಸಿದೆ. ಬಿಸಿಯಾಗಿತ್ತು. ಮೂವತ್ತೆಂಟು ಎಂದೆ. ಅವನು ಇಳಿದು ಪಕ್ಕದಲ್ಲೇ ನಿಂತ.

ಸಾಹೇಬರ ಬೆರಳು ಮುಂದಿನ ಸಾಲಿಗೆ ಜಾರಿತು. "ಚಿಕ್ಕತಾಯಮ್ಮ," ಎಂದು ಕೂಗಿದರು.

ಊರಿನವರು ಯಾರೂ ಸತ್ತಿಲ್ಲ ಎಂದು ಬರೆದ ಮೇಲೆ ಹೆಸರು ಎಲ್ಲಿ ಹೋಗುತ್ತದೆ? ಪುಸ್ತಕದಲ್ಲಿ ಹಾಗೇ ಇತ್ತು. ಬೋರಲಿಂಗನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ತಕ್ಕಡಿ ಖಾಲಿ ಇತ್ತು. ಮುಳ್ಳು ಸೊನ್ನೆಯ ಮೇಲೆ ಅಲುಗದೆ ನಿಂತಿತ್ತು.

"ಎಷ್ಟು ರೀ?"

"ಮೂವತ್ತೊಂಬತ್ತು ಸಾರ್."

ಅದು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನಾನೇ ಬೆಚ್ಚಿಬಿದ್ದೆ. ಸಾಹೇಬರು ತಲೆ ಎತ್ತದೆ ಗುರುತು ಹಾಕಿಕೊಂಡು ಮುಂದಿನ ಹೆಸರು ಕೂಗಿದರು. ಅಂಥ ಹೆಸರು ಇನ್ನೂ ಹತ್ತು ಇದ್ದವು.